ಎತ್ತಿನ ಸೋಮವಾರ

ಕೊಡ್ಲಿಯ ಕಾಶೀನಾಥನ ಮನೆಯ ಸುತ್ತಮುತ್ತ ಪ್ರತಿಯೊಬ್ಬರಿಗೂ ಒಂದೊಂದು ಬಿಡುವಿನ ವಾರ ಇತ್ತು. ಕೊಟ್ಟಿಗೆಯ ಜೋಡಿ ಎತ್ತುಗಳಿಗೆ ಸೋಮವಾರ. ಸೇಡಂ ಹತ್ತಿರದ ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಮಗ ಸಂಗಮೇಶ್ವರನಿಗೆ ಬುಧವಾರ. ಅದನ್ನು ಅವನು ವೀಕ್ಲಿ ಆಫ್ ಎಂದು ಕರೆಯುತ್ತಿದ್ದ, ಆ ದಿನ ಊರಿಗೆ ಬಂದರೆ ಮಧ್ಯಾಹ್ನದವರೆಗೆ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಕ್ಷೌರದ ಅಂಗಡಿಗೆ ಮಂಗಳವಾರ, ಶಾಲೆಗೆ ಐತವಾರ, ಆಟೋ ಓಡಿಸುವ ಖಾಜಾನಿಗೆ ಶುಕ್ರವಾರದ ಮಧ್ಯಾಹ್ನ. ಹಿಟ್ಟಿನ ಗಿರಣಿ ಕೂಡ ಅಮಾವಾಸ್ಯೆಗೊಮ್ಮೆ ಬಾಯಿ ಮುಚ್ಚುತ್ತಿತ್ತು. ಯಾವ ವಾರವೂ ಇಲ್ಲದವಳು ಆ ಮನೆಯ ಹೆಂಗಸು ಗುರುದೇವಿ ಒಬ್ಬಳೇ. ಇದು ಮೂವತ್ತೈದು ವರ್ಷ ಯಾರ ಗಮನಕ್ಕೂ ಬಂದಿರಲಿಲ್ಲ. ನಿಜ ಹೇಳಬೇಕೆಂದರೆ ಅವಳ ಗಮನಕ್ಕೂ ಬಂದಿರಲಿಲ್ಲ.

ಕ್ಯಾಲೆಂಡರಿನಲ್ಲಿ ಸೋಮವಾರ ಎಂದು ಅಚ್ಚಾಗಿರುತ್ತದೆ. ಊರ ಬಾಯಲ್ಲಿ ಅದು ಸ್ವಾಮಾರ. ಪಟ್ಟಣದವರಿಗೆ ಅದು ಕಚೇರಿ ಬಾಗಿಲು ತೆರೆಯುವ ದಿನ, ಮುಖ ಸಿಂಡರಿಸಿಕೊಂಡು ಕೆಲಸಕ್ಕೆ ಹೊರಡುವ ದಿನ. ಕೊಡ್ಲಿಯಲ್ಲಿ ‘ಇವತ್ತು ಸ್ವಾಮಾರ’ ಅಂದರೆ ತಿಳಿಯಬೇಕಾದ್ದು ಬೇರೆ: ಇವತ್ತು ಎತ್ತಿನ ಹೆಗಲ ಮೇಲೆ ನೊಗ ಇಡುವ ಹಾಗಿಲ್ಲ. ಮಳೆ ಬಿದ್ದು ಹೊಲದ ಹಸಿ ಆರಿಹೋಗುತ್ತಿದ್ದರೂ ಅಷ್ಟೆ, ಬಾಡಿಗೆಗೆ ಕೇಳುವವರು ಬಾಗಿಲಿಗೆ ಬಂದು ನಿಂತರೂ ಅಷ್ಟೆ. ಇದರ ಅರ್ಥವನ್ನು ಕಾಶೀನಾಥ ಕೇಳಿದವರಿಗೆಲ್ಲ ಬಿಡಿಸಿ ಹೇಳುತ್ತಿದ್ದ. ಸೋಮ ಅಂದರೆ ಚಂದ್ರ, ಚಂದ್ರನನ್ನು ಮುಡಿದವನು ಶಿವ, ಶಿವನನ್ನು ಹೊತ್ತವನು ನಂದಿ, ನಮ್ಮ ಕೊಟ್ಟಿಗೆಯಲ್ಲಿ ಕಟ್ಟಿರುವುದು ಅವನೇ. ಆರು ದಿನ ನಮ್ಮ ಭಾರ ಹೊತ್ತವನಿಗೆ ಏಳನೆಯ ದಿನ ನಾವು ಕೈಮುಗಿಯಬೇಕು. ಹೀಗೆ ಹೇಳುವಾಗ ಅವನ ಕಣ್ಣುಗಳು ತುಂಬುತ್ತಿದ್ದವು. ನಟನೆಯಲ್ಲ, ನಿಜವಾಗಿಯೂ ತುಂಬುತ್ತಿದ್ದವು. ಆ ಕಣ್ಣಿಗೆ ಎರಡು ಮಾರು ದೂರದಲ್ಲಿ ಸಗಣಿ ಬುಟ್ಟಿ ಹೊತ್ತು ಓಡಾಡುವ ಹೆಂಡತಿ ಮಾತ್ರ ಕಾಣುತ್ತಿರಲಿಲ್ಲ.

ಗುರುದೇವಿಯ ತವರು ವಾಡಿ ಹತ್ತಿರದ ರಾವೂರ. ಅವಳ ಅಪ್ಪ ಫರಸಿ ಕಲ್ಲಿನ ಖಣಿಯಲ್ಲಿ ಕಲ್ಲು ಎಬ್ಬಿಸುತ್ತಿದ್ದ. ಅಲ್ಲಿಯೂ ವಾರಕ್ಕೊಂದು ದಿನ ಸೂಟಿ ಇತ್ತು. ಆ ದಿನ ಅಪ್ಪ ತಲೆಯ ಮೇಲಿನ ಬಿಳಿ ಧೂಳು ತೊಳೆದುಕೊಂಡು, ಮಡಿ ಅಂಗಿ ತೊಟ್ಟು, ಶಹಾಬಾದ್ ಸಂತೆಗೆ ಹೋಗಿ ಬರುತ್ತಿದ್ದ. ಕಲ್ಲು ಒಡೆಯುವವನ ಮೈಗೂ ಒಂದು ದಿನದ ಆರಾಮು ಬೇಕು ಎಂಬುದು ಅವಳಿಗೆ ಚಿಕ್ಕಂದಿನಿಂದ ಗೊತ್ತಿದ್ದ ಮಾತು. ಹದಿನೇಳಕ್ಕೆ ಕೊಡ್ಲಿಗೆ ಸೊಸೆಯಾಗಿ ಬಂದಳು. ಒಬ್ಬ ಮಗ, ಒಬ್ಬ ಮಗಳು. ಮಗಳನ್ನು ಚಿತ್ತಾಪುರಕ್ಕೆ ಕೊಟ್ಟಾಗಿತ್ತು. ಎರಡನೆಯ ಹೆರಿಗೆಯಾದ ಹದಿನೈದನೆಯ ದಿನಕ್ಕೆ ತುಂಬಿದ ಕೊಡ ಎತ್ತಿದವಳು ಅವಳು. ಆ ದಿನ ಸೋಮವಾರವಾಗಿತ್ತು.

ಯಾಕೆ ಸೋಮವಾರವೇ ಎಂದರೆ, ಎತ್ತಿನ ಬಿಡುವಿನ ದಿನವೇ ಅವಳಿಗೆ ಮೈಮುರಿಯುವ ದಿನ. ಉಳಿದ ಆರು ದಿನ ಎತ್ತುಗಳು ಹೊಲಕ್ಕೆ ಹೋಗಿ ಹಳ್ಳದಲ್ಲಿ ನೀರು ಕುಡಿಯುತ್ತಿದ್ದವು, ಬದುವಿನ ಹುಲ್ಲು ಮೇಯುತ್ತಿದ್ದವು, ಸಗಣಿಯನ್ನು ಹೊಲದಲ್ಲೇ ಹಾಕಿ ಬರುತ್ತಿದ್ದವು. ಸೋಮವಾರ ದಿನವಿಡೀ ಕೊಟ್ಟಿಗೆಯಲ್ಲಿ. ಅವುಗಳ ನೀರು ಓಣಿಯ ಟಾಕಿಯಿಂದ ಅವಳ ಸೊಂಟದ ಮೇಲೆ ಬರಬೇಕು. ಜೋಳದ ಕಣಿಕೆ ಅವಳು ಕಡಿದು ಹಾಕಬೇಕು. ಸಗಣಿ ಅವಳು ಬಳಿಯಬೇಕು. ಅಂದು ದೇವರ ವಾರವಾದ್ದರಿಂದ ಮನೆಯನ್ನೂ ಪೂರ್ತಿ ಸಾರಿಸಬೇಕು. ಎತ್ತು ಕಟ್ಟಿದ ಮೇಲೆ ಕಾಶೀನಾಥನಿಗೂ ಬಿಡುವು ತಾನೆ? ಅವನು ಸ್ನಾನ, ಲಿಂಗಪೂಜೆ ಮುಗಿಸಿ, ಹಣೆತುಂಬ ವಿಭೂತಿ ಬಳಿದುಕೊಂಡು ಎತ್ತುಗಳಿಗೆ ಆರತಿ ಎತ್ತಿ ಗುಡಿಯ ಕಟ್ಟೆಗೆ ಹೋಗಿ ಕೂರುತ್ತಿದ್ದ. ಮೇಲಾಗಿ ಅವನು ಸ್ವಾಮಾರ ಹಿಡಿದವನು. ಅಂದರೆ ಹಗಲು ಊಟವಿಲ್ಲ, ಸಂಜೆಗೆ ಒಂದೇ ಊಟ. ಊಟವಿಲ್ಲ ಎಂದ ಮೇಲೆ ಒಲೆಗೂ ಬಿಡುವು ಎಂದುಕೊಂಡರೆ ತಪ್ಪಾಯಿತು. ಬೆಳಿಗ್ಗೆ ಸಾಬೂದಾಣಿ, ಮಧ್ಯಾಹ್ನ ಹುರಿದ ಶೇಂಗಾ ಬೆಲ್ಲ, ನಡುನಡುವೆ ನಾಲ್ಕು ಸಲ ಚಹಾ, ಸಂಜೆ ನೈವೇದ್ಯಕ್ಕೆ ಹುಗ್ಗಿ. ಉಪವಾಸ ಅವನದು, ಹೊಗೆ ಕುಡಿಯುವುದು ಅವಳು. ಪುಣ್ಯ ಯಾರ ಪಾಲಿಗೆ ಹೋಯಿತೋ ಆ ಶಿವನನ್ನೇ ಕೇಳಬೇಕು.

ಹಾಗಂತ ಗುರುದೇವಿಗೆ ಎತ್ತುಗಳ ಮೇಲೆ ಸಿಟ್ಟಿರಲಿಲ್ಲ. ಎರಡರಲ್ಲಿ ಕೆಂದ ಎತ್ತು ಆ ಮನೆಯಲ್ಲೇ ಹುಟ್ಟಿದ್ದು. ಅದರ ತಾಯಿ ಬೇಗ ಸತ್ತದ್ದರಿಂದ ಅವಳೇ ಬೆರಳು ಚೀಪಿಸಿ ಹಾಲು ಕುಡಿಸಿ ಬೆಳೆಸಿದ್ದಳು. ಮಾಸಲು ಬಣ್ಣದ ಇನ್ನೊಂದು ಎತ್ತು ಕೊಂಡು ತಂದದ್ದು, ಆದರೆ ಅದೂ ಅವಳ ಕೈಯಿಂದಲ್ಲದೆ ಹಿಂಡಿ ತಿನ್ನುತ್ತಿರಲಿಲ್ಲ. ಅವುಗಳ ಸೋಮವಾರ ಅವುಗಳಿಗೆ ಸಲ್ಲಬೇಕಾದ್ದೇ ಎಂದು ಅವಳೂ ನಂಬಿದ್ದಳು. ಆ ಸೋಮವಾರವನ್ನು ಹೊರುವವರು ಯಾರು ಎಂಬ ಪ್ರಶ್ನೆ ಮಾತ್ರ ಅಲ್ಲಿಯವರೆಗೆ ಎದ್ದಿರಲಿಲ್ಲ.

ಎದ್ದದ್ದು ಸೊಸೆ ಭಾಗ್ಯಶ್ರೀಯ ಕಣ್ಣಿನಿಂದ. ಆಕೆ ಗಂಡನ ಜತೆ ಸೇಡಂನಲ್ಲೇ ಇರುವವಳು. ಯುಗಾದಿಗೆ ಊರಿಗೆ ಬಂದಾಗ ಅತ್ತೆ ಕೂರುವ ರೀತಿ ನೋಡಿದಳು. ಗುರುದೇವಿ ನೆಟ್ಟಗೆ ಕೂರುತ್ತಿರಲಿಲ್ಲ, ಒಂದು ಮಗ್ಗುಲಿಗೆ ವಾಲಿ ಒಂದು ಕೈ ನೆಲಕ್ಕೆ ಊರುತ್ತಿದ್ದಳು. ಏಳುವಾಗ ತುಟಿ ಕಚ್ಚುತ್ತಿದ್ದಳು. ಬಚ್ಚಲಿನ ಹಗ್ಗದ ಮೇಲೆ ಹಳೆಯ ಸೀರೆ ಹರಿದು ಮಾಡಿದ ಬಟ್ಟೆಯ ಪಟ್ಟಿಗಳು ಒಣಗುತ್ತಿದ್ದವು. ಮುಟ್ಟು ನಿಂತು ವರ್ಷಗಳಾದ ಹೆಂಗಸಿಗೆ ಇವು ಯಾಕೆ ಎಂದು ಭಾಗ್ಯಶ್ರೀ ಕೇಳಿದಳು. ಗುರುದೇವಿ ಮೊದಲು ಮಾತು ಹಾರಿಸಿದಳು. ಸೊಸೆ ಬಿಡಲಿಲ್ಲ. ಕೊನೆಗೆ ಬಾಗಿಲು ಹಾಕಿಕೊಂಡು ಹೇಳಿದಳು: ಗರ್ಭಚೀಲ ಜಾರಿ ಹೊರಗೆ ಬರುತ್ತದೆ, ಕೈಯಿಂದ ಒಳಗೆ ತಳ್ಳಿ, ಬಟ್ಟೆ ಬಿಗಿದು ಕಟ್ಟಿಕೊಂಡು ಕೆಲಸ ಮಾಡುತ್ತೇನೆ, ಆರು ವರ್ಷವಾಯಿತು. ಗಂಡನಿಗೆ ಗೊತ್ತೇ ಎಂದರೆ, ಒಮ್ಮೆ ಹೇಳಿದ್ದಳಂತೆ. ‘ಹೆಣ್ಮಕ್ಕಳಿಗೆ ಇರೋದೇ’ ಎಂದು ಅವನು ಎತ್ತಿನ ಮೈ ತೊಳೆಯಲು ಹೋದನಂತೆ.

ಭಾಗ್ಯಶ್ರೀ ಮರುವಾರವೇ ಅತ್ತೆಯನ್ನು ಸೇಡಂನ ಒಂದು ದವಾಖಾನೆಗೆ ಕರೆದೊಯ್ದಳು. ಡಾಕ್ಟರಮ್ಮ ನೋಡಿ, ಇಷ್ಟು ದಿನ ಹೇಗೆ ತಡೆದಿರಿ ಎಂದು ಕೇಳಿದರು. ಆಪರೇಷನ್ ಆಗಲೇಬೇಕು, ಅಲ್ಲಿಯವರೆಗೆ ಒಂದು ಕೊಡ ನೀರು ಕೂಡ ಎತ್ತಬಾರದು, ಇನ್ನು ತಡ ಮಾಡಿದರೆ ಹುಣ್ಣಾಗಿ ಜೀವಕ್ಕೆ ಬರುತ್ತದೆ ಎಂದರು. ಆಪರೇಷನ್ ಮಾಡುವ ದೊಡ್ಡ ಡಾಕ್ಟರು ಕಲಬುರಗಿಯಿಂದ ಬರುವುದು ವಾರಕ್ಕೊಮ್ಮೆ, ಮಂಗಳವಾರ. ಹಿಂದಿನ ದಿನ ಮಧ್ಯಾಹ್ನದೊಳಗೆ ಬಂದು ಸೇರಬೇಕು, ರಕ್ತ ಗಿಕ್ತ ನೋಡುವುದಿರುತ್ತದೆ. ಹಿಂದಿನ ದಿನ ಅಂದರೆ ಸೋಮವಾರ. ಮನೆಗೆ ಬಂದು ಇದನ್ನು ಹೇಳಿದಾಗ ಕಾಶೀನಾಥ ಆಪರೇಷನ್ನಿಗೆ ಬೇಡ ಎನ್ನಲಿಲ್ಲ. ಆಗಲಿ ಎಂದ. ಆಮೇಲೆ ವಾರ ಕೇಳಿದ. ಕೇಳಿ ತಲೆ ಅಲ್ಲಾಡಿಸಿದ.

ಸ್ವಾಮಾರ ನೀನು ಹೋದರೆ ಎತ್ತುಗಳನ್ನು ಯಾರು ನೋಡಬೇಕು ಎಂಬುದು ಅವನ ಮೊದಲ ಮಾತು. ಬರುವ ವಾರ ನೋಡೋಣ ಎಂಬುದು ಎರಡನೆಯದು. ಬರುವ ವಾರದಲ್ಲೂ ಒಂದು ಸೋಮವಾರ ಇದ್ದೇ ಇರುತ್ತದೆ ಎಂದು ಅವನಿಗೆ ಹೊಳೆಯಲಿಲ್ಲವೋ, ಹೊಳೆದೇ ಹಾಗೆ ಅಂದನೋ. ಬಸವ ಜಯಂತಿ ಹತ್ತಿರ ಬಂತು. ಜಯಂತಿ ಮುಗಿಯಲಿ ಎಂದ. ಮುಂಗಾರು ಬಂತು, ತೊಗರಿ ಬಿತ್ತನೆ ಮುಗಿಯಲಿ ಎಂದ. ಕಾರಹುಣ್ಣಿಮೆ ಬಂತು, ಎತ್ತಿನ ಹಬ್ಬದಲ್ಲಿ ಮನೆಯ ಹೆಂಗಸು ದವಾಖಾನೆಯಲ್ಲಿದ್ದರೆ ಹೇಗೆ ಎಂದ. ಎರಡು ಸಲ ಭಾಗ್ಯಶ್ರೀ ಚೀಟಿ ಮಾಡಿಸಿ ಎರಡು ಸಲವೂ ಫೋನಿನಲ್ಲಿ ಕ್ಷಮೆ ಕೇಳಿದಳು. ಅಷ್ಟೂ ದಿನ ಗುರುದೇವಿ ಬಟ್ಟೆ ಬಿಗಿದುಕೊಂಡು ಕೊಡ ಹೊತ್ತಳು. ಈಗ ಬಟ್ಟೆಯಲ್ಲಿ ರಕ್ತ ಕಾಣತೊಡಗಿತ್ತು.

ಮೂರನೆಯ ಸಲ ಸಿಕ್ಕ ದಿನ ಶ್ರಾವಣದ ಎರಡನೆಯ ಸೋಮವಾರ. ಐತವಾರ ಸಂಜೆ ಗುರುದೇವಿ ಅದನ್ನು ಹೇಳಿದಾಗ ಕಾಶೀನಾಥ ನಕ್ಕುಬಿಟ್ಟ. ಬೇರೆ ಸೋಮವಾರವೇ ಆಗದ ಮೇಲೆ ಶ್ರಾವಣ ಸೋಮವಾರವೇ? ಅಂದು ಕಟ್ಟೆಯ ಮೇಲೆ ಭಜನೆಯಿದೆ, ಐದು ಜನ ಮನೆಗೆ ಪ್ರಸಾದಕ್ಕೆ ಬರುತ್ತಾರೆ, ಹುಗ್ಗಿ ಜಾಸ್ತಿ ಮಾಡು ಎಂದು ಹೇಳಿ ಎದ್ದುಹೋದ. ಅವಳು ಓಣಿಯ ತುದಿಗೆ ಹೋಗಿ ಖಾಜಾನನ್ನು ಆಟೋಕ್ಕೆ ಕೇಳಿದಳು. ಅವನು ಬೆಳಿಗ್ಗೆ ಶಾಲೆಯ ಮಕ್ಕಳನ್ನು ಚಿಂಚೋಳಿಗೆ ಬಿಡಬೇಕಿತ್ತು, ಮರಳಿ ಬರುವಷ್ಟರಲ್ಲಿ ಹತ್ತಾಗುತ್ತದೆ ಎಂದ. ಮಧ್ಯಾಹ್ನದೊಳಗೆ ಮುಟ್ಟಿಸುವ ಸೇಡಂ ಬಸ್ಸು ಒಂದೇ, ಅದು ಒಂಬತ್ತಕ್ಕೆ. ಬಸ್ಸು ನಿಲ್ಲುವ ಜಾಗ ಅವರ ಮನೆಯಿಂದ ಒಂದು ಮೈಲಿ. ಮೊದಲಾದರೆ ಅದು ದೂರವೇ ಅಲ್ಲ. ಈಗ ಅಂಗಳ ದಾಟುವುದಕ್ಕೇ ಅವಳು ಎರಡು ಕಡೆ ನಿಲ್ಲಬೇಕಾಗುತ್ತಿತ್ತು.

ಸೋಮವಾರ ಬೆಳಿಗ್ಗೆ ಕಾಶೀನಾಥ ಪೂಜೆ ಮುಗಿಸಿ ಗುಡಿಗೆ ಹೋದ. ಗುರುದೇವಿ ಅಂದು ಸಗಣಿ ಬಳಿಯಲಿಲ್ಲ, ಮನೆ ಸಾರಿಸಲಿಲ್ಲ, ಒಲೆ ಹಚ್ಚಲಿಲ್ಲ. ಸ್ನಾನ ಮಾಡಿ ಕೊರಳ ಲಿಂಗಕ್ಕೆ ಕೈಮುಗಿದಳು. ಎರಡು ಸೀರೆ, ಡಾಕ್ಟರಮ್ಮನ ಚೀಟಿ ಒಂದು ಕೈಚೀಲಕ್ಕೆ ಹಾಕಿಕೊಂಡಳು. ಆಮೇಲೆ ಕೊಟ್ಟಿಗೆಗೆ ಹೋಗಿ ಕೆಂದ ಎತ್ತಿನ ಹಣೆ ಮುಟ್ಟಿ ತಪ್ಪಾಯಿತಪ್ಪ ಎಂದು ಮೂರು ಸಲ ಹೇಳಿದಳು. ಹೇಳಿ, ಎರಡನ್ನೂ ಬಿಚ್ಚಿ ಅಂಗಳಕ್ಕೆ ತಂದು ಬಂಡಿಗೆ ಹೂಡಿದಳು.

ಹೆಂಗಸು ನೊಗ ಮುಟ್ಟಬಾರದು ಎಂಬ ಮಾತೂ ಆ ಊರಿನಲ್ಲಿತ್ತು. ಆದರೆ ಅವಳಿಗೆ ಹೂಡುವುದು ಬರುತ್ತಿತ್ತು. ಹತ್ತು ವರ್ಷದ ಹಿಂದೆ ಕಾಶೀನಾಥ ಮಾಳಿಗೆಯಿಂದ ಬಿದ್ದು ಕಾಲು ಮುರಿದುಕೊಂಡ ವರ್ಷ ಬಿತ್ತನೆಗೆ ಬಂಡಿ ಕಟ್ಟಿ ಬೀಜ ಸಾಗಿಸಿದ್ದು ಅವಳೇ. ಆ ವರ್ಷ ಮಾತ್ರ ಯಾರೂ ಶಾಸ್ತ್ರ ಎತ್ತಲಿಲ್ಲ. ಭೇಷ್ ಎಂದರು. ಶಾಸ್ತ್ರ ಎಂಬುದು ಯಾರಿಗೆ ಯಾವಾಗ ನೆನಪಾಗಬೇಕೋ ಆಗಷ್ಟೇ ನೆನಪಾಗುವ ಪದಾರ್ಥ.

ಬಂಡಿ ಓಣಿ ದಾಟಿ ಗುಡಿಯ ಮುಂದೆ ಬಂದಾಗ ಭಜನೆ ನಡೆದಿತ್ತು. ಮೊದಲು ತಾಳ ನಿಂತಿತು, ಆಮೇಲೆ ಹಾರ್ಮೋನಿಯಂ. ಇಪ್ಪತ್ತು ಇಪ್ಪತ್ತೈದು ಗಂಡಸರು ಒಮ್ಮೆಗೇ ಎದ್ದು ನಿಂತರು. ಅಷ್ಟು ವರ್ಷ ಅದೇ ಕಟ್ಟೆಯ ಮುಂದೆ ಗುರುದೇವಿ ತಲೆಯ ಮೇಲೊಂದು ಸೊಂಟದ ಮೇಲೊಂದು ಕೊಡ ಇಟ್ಟುಕೊಂಡು ಟಾಕಿಗೂ ಮನೆಗೂ ಓಡಾಡಿದ್ದಾಳೆ. ಒಂದು ದಿನ ಒಬ್ಬ ಎದ್ದು ನಿಂತದ್ದಿಲ್ಲ, ಈಕೆ ಯಾಕೆ ಕಾಲು ಅಗಲಿಸಿ ನಡೆಯುತ್ತಾಳೆ ಎಂದು ಕೇಳಿದ್ದಿಲ್ಲ. ಈಗ ಎತ್ತಿನ ಹೆಗಲ ಮೇಲೆ ನೊಗ ಕಂಡದ್ದೇ ತಡ, ಊರಿಗೆ ಊರೇ ಕಣ್ಣು ಬಿಟ್ಟಿತು. ಕಾಶೀನಾಥನ ಗೆಳೆಯ ಸಾಯಬಣ್ಣ ಓಡಿಬಂದು ಹಗ್ಗ ಹಿಡಿದು ಬಂಡಿ ನಿಲ್ಲಿಸಿದ.

“ವೈನಿ, ಏನಿದು? ಇವತ್ತ ಯಾವ ವಾರ ಅಂತ ಖಬರ್ ಅದ ಇಲ್ಲ ನಿಮಗ?”

“ಅದರಿ,” ಎಂದಳು ಗುರುದೇವಿ. “ಸ್ವಾಮಾರದ ಖಬರ್ ಈ ಊರಾಗ ನನಗಿಂತ ಹೆಚ್ಚು ಯಾರಿಗದ?”

ಅಷ್ಟರಲ್ಲಿ ಕಾಶೀನಾಥ ಜನರನ್ನು ಸರಿಸಿಕೊಂಡು ಬಂದ. ಅವನ ಕಣ್ಣು ಹೋದದ್ದು ಮೊದಲು ಕೆಂದನ ಹೆಗಲಿಗೆ, ಆಮೇಲೆ ಮಾಸನ ಹೆಗಲಿಗೆ. ಹೆಂಡತಿಯ ಪಕ್ಕದಲ್ಲಿದ್ದ ಕೈಚೀಲ ಅವನಿಗೆ ಕಾಣಲೇ ಇಲ್ಲ. ಅವನ ಹಣೆಯ ವಿಭೂತಿ ಬೆವರಿಗೆ ಇಳಿಯುತ್ತಿತ್ತು.

“ಇಳಿ ಕೆಳಗ. ಬಾಯಿಲ್ಲದ ಜೀವದ ಹೆಗಲಿಗಿ ಶ್ರಾವಣ ಸ್ವಾಮಾರ ನೊಗ ಇಡ್ಲಿಕ್ಕ ನಿನಗ ಕೈ ಹ್ಯಾಂಗ ಬಂತು?”

ಗುರುದೇವಿ ಇಳಿಯಲಿಲ್ಲ. ಮೂವತ್ತೈದು ವರ್ಷ ಅವಳು ಆ ಕಟ್ಟೆಯ ಮುಂದೆ ಸೆರಗು ಸರಿಮಾಡಿಕೊಳ್ಳದೆ ಹಾದುಹೋದವಳಲ್ಲ, ತಲೆ ಎತ್ತಿ ಮಾತಾಡಿದವಳಲ್ಲ. ಈಗ ಬಂಡಿಯ ಮೇಲೆ ಎಲ್ಲರಿಗಿಂತ ಎತ್ತರದಲ್ಲಿ ಕೂತು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

“ಬಾಯಿ ಇದ್ದ ಜೀವಾನೂ ಒಂದದ ಮನ್ಯಾಗ. ಅದರ ಗರ್ಭಚೀಲ ಹೊರಗ ಬಿದ್ದು ಆರು ವರ್ಷ ಆತು. ಬಟ್ಟಿ ಬಿಗದು ಇವುಕ್ಕ ನೀರು ಹೊತ್ತೀನಿ. ಇವುಕ್ಕ ಏಳು ದಿನದಾಗ ಒಂದು ದಿನ ಅದ. ನಂದು ಯಾವ ದಿನ ಅಂತ ನಿಮ್ಮಾಗ ಯಾರರೆ ಒಬ್ಬರು ಹೇಳ್ರಿ. ಬಂಡಿ ಹಿಂದ ಹೊಳ್ಳಸ್ತೀನಿ.”

ಗಂಡಸರೆಲ್ಲ ನೆಲ ನೋಡಿದರು. ಅವಳ ಪ್ರಶ್ನೆಗೆ ನಾಚಿ ಅಲ್ಲ, ಅವಳು ಆಡಿದ ಶಬ್ದಕ್ಕೆ ನಾಚಿ. ಅಂಥ ಮಾತನ್ನು ಗುಡಿಯ ಮುಂದೆ, ಅದೂ ಶ್ರಾವಣದಲ್ಲಿ, ಒಬ್ಬ ಹೆಂಗಸು ಬಾಯಿಬಿಟ್ಟು ಹೇಳಿದಳಲ್ಲ ಎಂಬುದೇ ಅವರಿಗೆ ದೊಡ್ಡದಾಯಿತು. ಕಾಯಕ, ದಯೆ ಎಂದು ಆ ಕಟ್ಟೆಯ ಮೇಲೆ ಗಂಟೆಗಟ್ಟಲೆ ಮಾತಾಡುವವರು ಅವರು. ಒಬ್ಬನ ಬಾಯಿಂದಲೂ ಒಂದು ವಾರದ ಹೆಸರು ಹೊರಡಲಿಲ್ಲ. ಸುಳ್ಳಿಗಾದರೂ ಐತವಾರ ಅನ್ನಬಹುದಿತ್ತು.

ಆಮೇಲೆ ಸಾಯಬಣ್ಣ ಮೆಲ್ಲಗೆ ಹೋಗಿ ಎತ್ತುಗಳ ಕೊರಳ ಹಗ್ಗ ಬಿಚ್ಚಿದ. ಇನ್ನಿಬ್ಬರು ನೊಗ ಎತ್ತಿ ಹಿಡಿದರು. ಬಂಡಿಯ ಮೂಕಿಯನ್ನು ನೆಲಕ್ಕೆ ಇಳಿಸಿದಾಗ ಗುರುದೇವಿ ಮುಂದಕ್ಕೆ ಜಾರಿ, ಬಂಡಿಯ ಅಂಚು ಹಿಡಿದು ಬೀಳದೆ ಉಳಿದಳು. ಕಾಶೀನಾಥ ಎರಡೂ ಎತ್ತುಗಳ ಹೆಗಲು ಸವರುತ್ತ, ಏನೋ ಬಡಬಡಿಸುತ್ತ ಅವುಗಳನ್ನು ಮನೆಯ ಕಡೆ ನಡೆಸಿಕೊಂಡು ಹೋದ. ಯಾರೋ ಕಾಯಿ ತರಲು ಓಡಿದರು, ಯಾರೋ ಅರಿಶಿನದ ನೀರಿನಿಂದ ಹೆಗಲು ತೊಳೆಯಬೇಕು ಎಂದರು, ತಪ್ಪು ಕಳೆಯಲು ಐದು ಸೋಮವಾರ ಅಭಿಷೇಕವಾಗಬೇಕು ಎಂದು ಇನ್ನೊಬ್ಬರು ಲೆಕ್ಕ ಹೇಳಿದರು. ಜನವೆಲ್ಲ ಎತ್ತಿನ ಹಿಂದೆ ಹೋಯಿತು. ಎಲ್ಲಿಗೆ ಹೊರಟಿದ್ದೆ ತಾಯಿ ಎಂದು ಒಬ್ಬರೂ ಕೇಳಲಿಲ್ಲ.

ಅವಳು ಮುಗ್ಗರಿಸಿದ ಬಂಡಿಯಿಂದ ಇಳಿದು ಕೈಚೀಲ ತೆಗೆದುಕೊಂಡು ನಡೆದಳು. ಸಿಟ್ಟು ಎಷ್ಟಿತ್ತು ಎಂದರೆ ನೋವೇ ತಿಳಿಯಲಿಲ್ಲ. ಊರ ಹೊರಗಿನ ಬೇವಿನ ಮರದವರೆಗೆ ಹೋಗುವಷ್ಟರಲ್ಲಿ ಒಂಬತ್ತರ ಬಸ್ಸು ಹೋದದ್ದು ಕೇಳಿಸಿತು. ಅಲ್ಲೇ ಮರಕ್ಕೆ ಒರಗಿ ನಿಂತಳು. ಖಾಜಾ ಚಿಂಚೋಳಿಯಿಂದ ಮರಳುತ್ತಿದ್ದವನು ಆಟೋ ನಿಲ್ಲಿಸಿದ. ಏನಾಯಿತು ಎಂದು ಕೇಳಲಿಲ್ಲ, ಅವಳ ಸೀರೆಯ ಹಿಂದಿನ ಕಲೆ ನೋಡಿ ಮುಖ ತಿರುಗಿಸಿ, ಸೀಟಿನ ಮೇಲೆ ತನ್ನ ಟವೆಲ್ಲು ಹಾಸಿದ. “ಕುಂದ್ರಿ ಅಕ್ಕಾ, ಸೇಡಂತನ ಬಿಡ್ತೀನಿ” ಎಂದ. ಅವನೂ ಇಲ್ಲದಿದ್ದರೆ ಈ ಕಥೆ ಆ ಮರದ ಕೆಳಗೇ ಮುಗಿಯುತ್ತಿತ್ತು.

ಮಂಗಳವಾರ ಆಪರೇಷನ್ ಆಯಿತು. ಇನ್ನು ಎರಡು ತಿಂಗಳು ತಡವಾಗಿದ್ದರೆ ಮಾತು ಬೇರೆ ಇತ್ತು ಎಂದು ದೊಡ್ಡ ಡಾಕ್ಟರು ಭಾಗ್ಯಶ್ರೀಗೆ ಹೇಳಿದರು. ಕಾಗದಕ್ಕೆ ಸಹಿ ಹಾಕಿದವಳು ಸೊಸೆಯೇ. ದವಾಖಾನೆಯಿಂದ ಬಿಟ್ಟ ಮೇಲೆ ಅತ್ತೆಯನ್ನು ತನ್ನ ಮನೆಗೆ ಕರೆದೊಯ್ದು, ಆರು ವಾರ ಒಂದು ಚೊಂಬು ನೀರೂ ಎತ್ತಗೊಡುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದಳು. ಮಗ ಸಂಗಮೇಶ್ವರ ತನ್ನ ಬುಧವಾರದಲ್ಲಿ ತಾಯಿಯ ಕಾಲ ಬಳಿ ಕೂತು, ಇಷ್ಟು ಜೋರಾಗಿದೆ ಎಂದು ತನಗೆ ಗೊತ್ತೇ ಇರಲಿಲ್ಲ ಎಂದ. ಗೊತ್ತು ಮಾಡಿಕೊಳ್ಳುವ ತಾಪತ್ರಯ ನೀವು ಯಾವಾಗ ಪಟ್ಟಿರಿ ಎಂದು ಭಾಗ್ಯಶ್ರೀ ಒಳಗಿನಿಂದಲೇ ಕೇಳಿದಳು. ಗುರುದೇವಿ ಮಂಚದ ಮೇಲೆ ಅಂಗಾತ ಮಲಗಿ ಸೂರು ನೋಡುತ್ತಿದ್ದಳು. ಹಗಲು ಹೊತ್ತಿನಲ್ಲಿ ಹೀಗೆ ಮಲಗಿದ್ದು ಅವಳಿಗೆ ಬಾಣಂತನದ ಹದಿನೈದು ದಿನ ಬಿಟ್ಟರೆ ಇದೇ ಮೊದಲು.

ಊರಿನ ಸುದ್ದಿ ಖಾಜಾನ ಬಾಯಿಂದ ಬರುತ್ತಿತ್ತು. ಅವಳು ಹೊರಟ ಆ ಸೋಮವಾರ ಎತ್ತುಗಳಿಗೆ ಅರಿಶಿನದ ಅಭಿಷೇಕವಾಯಿತಂತೆ. ಅದು ಮುಗಿದು ಜನ ಚದುರಿದ ಮೇಲೆ ಕೊಟ್ಟಿಗೆಯ ಸಗಣಿ ಹಾಗೇ ಬಿದ್ದಿತ್ತು, ಎತ್ತುಗಳು ನೀರಿಗೆ ಕೂಗುತ್ತಿದ್ದವು. ಕಾಶೀನಾಥ ಪಕ್ಕದ ಮನೆಯ ಹಣಮವ್ವನನ್ನು ಕರೆದ. ಆಕೆ ಕೈಕಟ್ಟಿ ಬಾಗಿಲಲ್ಲಿ ನಿಂತು, ನಂಗೂ ಸ್ವಾಮಾರ ಅದರಿ ಎಂದು ಹೇಳಿ ಒಳಗೆ ಹೋದಳಂತೆ. ಅಭಿಷೇಕಕ್ಕೆ ಬಂದವರಲ್ಲಿ ಒಬ್ಬರೂ ಕೊಡ ಹೊರಲು ಬರಲಿಲ್ಲ. ಕಾಶೀನಾಥನೇ ಹೊತ್ತ. ಟಾಕಿಯ ಹತ್ತಿರ ಹೆಂಗಸರ ಸಾಲಿನಲ್ಲಿ ನಿಂತು ಹೊತ್ತ. ಮರುವಾರದ ಸೋಮವಾರ ಮತ್ತೆ ಹೊತ್ತ, ಸಗಣಿ ಬಳಿದ, ಕಣಿಕೆ ಕಡಿದ. ಅಂದು ಉಪವಾಸವನ್ನೂ ಬಿಟ್ಟು ಮಧ್ಯಾಹ್ನಕ್ಕೆ ಹೋಟೆಲಿನಲ್ಲಿ ಪೂರಿ ತಿಂದನಂತೆ. ಇದನ್ನು ಕೇಳಿ ಭಾಗ್ಯಶ್ರೀ ನಕ್ಕಳು. ಗುರುದೇವಿಗೂ ಮನಸ್ಸು ಸ್ವಲ್ಪ ಮೆತ್ತಗಾಯಿತು. ಹೊತ್ತು ನೋಡಿದ ಮೇಲೆ ಭಾರ ತಿಳಿದಿರಬೇಕು, ಇನ್ನು ಮುಂದೆ ಇಬ್ಬರೂ ಕೂಡಿ ಹೊರಬಹುದು ಎಂದುಕೊಂಡಳು.

ಅದೇ ವಾರದ ಶನಿವಾರ ಕಾಶೀನಾಥ ಸೇಡಂಗೆ ಬಂದ. ಆಪರೇಷನ್ ಆದ ಮೇಲೆ ಅವನು ಬಂದದ್ದು ಅದೇ ಮೊದಲು. ಮಡಿ ಧೋತರ, ಹಣೆಗೆ ವಿಭೂತಿ, ಕೈಯಲ್ಲಿ ಒಂದು ಡಜನ್ ಬಾಳೆಹಣ್ಣು. ಮಂಚದ ಪಕ್ಕದ ಕುರ್ಚಿಯಲ್ಲಿ ಕೂತು, ಊಟ ಸೇರುತ್ತದೋ ಎಂದು ಕೇಳಿದ, ಗೋಡೆಯ ಫ್ಯಾನು ಚೆನ್ನಾಗಿದೆ ಎಂದ. ಟಾಕಿಯ ನಲ್ಲಿಗೆ ಜೋರಿಲ್ಲ, ಕೊಡ ತುಂಬುವುದರಲ್ಲಿ ಸೊಂಟ ಬಿದ್ದುಹೋಗುತ್ತದೆ ಎಂದು ಹೇಳಿದ. ಹೇಳಿ ತನ್ನ ಸೊಂಟದ ಮೇಲೆ ತಾನೇ ಕೈ ಇಟ್ಟುಕೊಂಡ. ಆ ನಲ್ಲಿಗೆ ಜೋರಿಲ್ಲದ್ದು ಗುರುದೇವಿಗೆ ಟಾಕಿ ಕಟ್ಟಿದ ವರ್ಷದಿಂದ ಗೊತ್ತಿತ್ತು. ಕೊನೆಗೆ ಅವನು ದೊಡ್ಡ ಉಪಕಾರ ಮಾಡಿ ಬಂದವನ ಮುಖ ಮಾಡಿ ವಿಷಯಕ್ಕೆ ಬಂದ.

“ಇನ್ನ ಮ್ಯಾಲ ನಿನಗ ಸ್ವಾಮಾರದ ತ್ರಾಸ ಇಲ್ಲ. ನಿನ್ನೆ ಎರಡೂ ಎತ್ತು ಕೊಟ್ಟುಬಿಟ್ಟೆ. ಹೊಲಕ್ಕ ಟ್ರ್ಯಾಕ್ಟರ್ ಹೇಳಿದರಾತು.”

ಗುರುದೇವಿಯ ಕಣ್ಣ ಮುಂದೆ ಕೆಂದನ ಹಣೆ ಬಂತು. ಅದಕ್ಕಿಂತ ಹೆಚ್ಚಾಗಿ ಹೊಟ್ಟೆಯೊಳಗಿನ ಹೊಲಿಗೆ ಹಿಡಿದು ಜಗ್ಗಿದ ಹಾಗೆ ಸಿಟ್ಟು ಬಂತು. ಶಿವನ ವಾಹನ, ಮನೆಯ ದೇವರು, ಅಜ್ಜ ಮುತ್ತಜ್ಜರ ಕಾಲದ ನೇಮ ಎಂದು ಈ ಮನುಷ್ಯ ಅವಳ ಆಯುಷ್ಯವನ್ನೇ ಅದರ ಕೆಳಗೆ ಹಾಸಿದ್ದ. ಅವಳು ಹೊರುತ್ತಿದ್ದಷ್ಟು ದಿನ ಅದು ಧರ್ಮವಾಗಿತ್ತು. ತನ್ನ ಸೊಂಟಕ್ಕೆ ಬಂದಾಗ ಅದು ತ್ರಾಸವಾಯಿತು, ಧರ್ಮವನ್ನು ಹಗ್ಗ ಹಿಡಿದು ಮಾರಿ ಬಂದ. ಅವಳು ಸೊಸೆಯ ಕೈ ಹಿಡಿದು ಮೆಲ್ಲಗೆ ಎದ್ದು ಕೂತಳು.

“ನನ್ನ ಕೈಲಿ ಮೂವತ್ತೈದು ವರ್ಷ ನಡದದ್ದು ನಿಮ್ಮ ಕೈಲಿ ಎರಡು ವಾರ ನಡೀಲಿಲ್ಲ?”

ನಿನಗೋಸ್ಕರವೇ ಮಾಡಿದೆ, ಈಗ ನೀನೇ ಹೀಗೆ ಅಂದರೆ ಹೇಗೆ ಎಂದು ಕಾಶೀನಾಥ ಗೊಣಗಿದ. ಅವನಿಗೆ ನಿಜವಾಗಿಯೂ ಬೇಸರವಾಗಿತ್ತು. ಭಾಗ್ಯಶ್ರೀ ತಂದಿಟ್ಟ ಚಹಾವನ್ನು ಮುಟ್ಟದೆ ಕಿಟಕಿಯ ಕಡೆ ತಿರುಗಿದ. ಗುರುದೇವಿ ಬಿಡಲಿಲ್ಲ. ಯಾರಿಗೆ ಕೊಟ್ಟಿರಿ ಎಂದು ಕೇಳಿದಳು. ತಾಂಡೂರ ಕಡೆಯ ಒಬ್ಬ ವ್ಯಾಪಾರಿಗೆ, ಅವನು ಮುಂದೆ ಯಾರೋ ಬಂಡಿಯವರಿಗೆ ಕೊಡುತ್ತಾನಂತೆ ಎಂದ. ಯಾವ ಊರಿನ ಬಂಡಿಯವರು ಎಂದರೆ ಅದು ತನಗೆ ಗೊತ್ತಿಲ್ಲ ಎಂದ.

“ಅವ್ರು ಸ್ವಾಮಾರ ಹಿಡಿತಾರೇನ್ರಿ? ಎತ್ತಿಗಿ ಬಿಡುವು ಕೊಡ್ತಾರೇನು?”

ಕಾಶೀನಾಥ ಬಾಳೆಹಣ್ಣಿನ ಚೀಲವನ್ನು ಮಂಚದ ಕೆಳಗೆ ಸರಿಸಿ ಇಟ್ಟ.

“ಅದೆಲ್ಲಾ ಕೇಳಲಿಲ್ಲ” ಎಂದ.